ಅಂಬಾಸಿಡರ್ ಸ್ಟೀರಿಂಗಿನ 'ಆಟ'

ಅಂಬಾಸಿಡರ್ ಕಾರಿನ ಮಾತು ಬಂದರೆ ಸಾಕು, ಯಾರಾದರೊಬ್ಬರು ಸ್ಟೀರಿಂಗ್ ಜೋಕು ಹೇಳೇ ಹೇಳ್ತಾರೆ. ಎಡಕ್ಕೆ ತಿರುಗಿಸಿದರೆ ಕಾರು ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ತಿರುಗುತ್ತಂತೆ. ನೇರ ರಸ್ತೆಯಲ್ಲೂ ಹೀರೋ ಸ್ಟೀರಿಂಗನ್ನು ಆ ಕಡೆ ಈ ಕಡೆ ಅಲ್ಲಾಡಿಸ್ತಾ ಹಾಡೋದನ್ನ ಹಳೇ ಸಿನಿಮಾಗಳಲ್ಲಿ ನೋಡಿರ್ತೀರಿ (ಎಷ್ಟೋ ಸಲ ಕಾರು ಸ್ಟುಡಿಯೋದೊಳಗೆ ನಿಂತೇ ಇರ್ತಿತ್ತು, ಆ ಮಾತು ಬೇರೆ!). ಒಟ್ಟಿನಲ್ಲಿ ಅಂಬಾಸಿಡರ್ ಅಂದ್ರೆ ಓಬೀರಾಯನ ಕಾಲದ ತಂತ್ರಜ್ಞಾನ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದೀವಿ. ಬೇರೆ ವಿಷಯಗಳಲ್ಲಿ ನಾನು ವಾದಕ್ಕೆ ಬರಲ್ಲ. ಆದರೆ ಸ್ಟೀರಿಂಗ್ ಮಟ್ಟಿಗೆ ಮಾತ್ರ ಇದು ಅನ್ಯಾಯ. ಇವತ್ತಿನ ಸ್ವಿಫ್ಟು, ಐ20ಗಳಲ್ಲಿ ಇರೋ 'ರ‍್ಯಾಕ್ ಅಂಡ್ ಪಿನಿಯನ್' ವ್ಯವಸ್ಥೆಯೇ ಅಂಬಾಸಿಡರಿನಲ್ಲೂ ಇದ್ದದ್ದು. ಅದೂ ಮೊದಲನೇ ದಿನದಿಂದ.

ರ‍್ಯಾಕ್ ಅಂದ್ರೆ ಏನೂ ದೊಡ್ಡ ವಿದ್ಯೆ ಅಲ್ಲ. ಒಂದು ಉದ್ದನೆಯ ಸಲಾಕೆ, ಅದರ ಮೇಲೆ ಗರಗಸದ ಥರ ಹಲ್ಲು. ಸ್ಟೀರಿಂಗ್ ಕಂಬದ ತುದಿಯಲ್ಲಿ ಒಂದು ಚಿಕ್ಕ ಹಲ್ಲುಗಾಲಿ, ಅದೇ ಪಿನಿಯನ್. ನೀವು ತಿರುಗಿಸಿದರೆ ಪಿನಿಯನ್ ತಿರುಗುತ್ತೆ, ಸಲಾಕೆ ಎಡಕ್ಕೋ ಬಲಕ್ಕೋ ಸರಿಯುತ್ತೆ, ಅದರ ಎರಡೂ ತುದಿಯ ಕಡ್ಡಿಗಳು ಮುಂದಿನ ಗಾಲಿಗಳನ್ನು ತಿರುಗಿಸುತ್ತವೆ. ಅಷ್ಟೇ.

ಮಜಾ ಅಂದ್ರೆ ಇದು ಕಾರಿನಷ್ಟೇ ಹಳೇದು. 1886ರ ಕಾರ್ಲ್ ಬೆಂಜನ ಮೂರು ಗಾಲಿಯ ಬಂಡಿಯಲ್ಲೇ ಮುಂದಿನ ಒಂಟಿ ಗಾಲಿ ತಿರುಗುತ್ತಿದ್ದದ್ದು ಹಲ್ಲಿನ ಸಲಾಕೆಯಿಂದ. ಯಾಕೆ ಮೂರೇ ಗಾಲಿ? ಎರಡು ಮುಂಗಾಲಿಗಳನ್ನು ಸರಿಯಾಗಿ ತಿರುಗಿಸೋ ಉಪಾಯ ಅವನಿಗೆ ಆಗಿನ್ನೂ ಕೈಗೆ ಹತ್ತಿರಲಿಲ್ಲ. ತಿರುವಿನಲ್ಲಿ ಒಳಗಿನ ಗಾಲಿ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು, ಇಲ್ಲಾಂದ್ರೆ ಒಂದು ಗಾಲಿ ಉಜ್ಜಿಕೊಂಡು ಹೋಗುತ್ತೆ. ಕುದುರೆ ಗಾಡಿಗಳಿಗೆ ಇದನ್ನು ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರ್ ಅನ್ನೋ ಗಾಡಿ ಕಟ್ಟುವವನು ಎಷ್ಟೋ ಮೊದಲೇ ಬಿಡಿಸಿದ್ದ. 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ತೆಗೆದುಕೊಂಡವನು ಅವನ ಏಜೆಂಟ್ ರುಡಾಲ್ಫ್ ಆಕರ್‌ಮನ್. ಇವತ್ತಿಗೂ ಪಠ್ಯಪುಸ್ತಕದಲ್ಲಿ ಅದು 'ಆಕರ್‌ಮನ್ ಸ್ಟೀರಿಂಗ್'. ಕೋಡ್ ಬರೆದವನೊಬ್ಬ, ಡೆಮೋ ಕೊಟ್ಟು ಹೆಸರು ಮಾಡಿದವನು ಇನ್ನೊಬ್ಬ! ಬೆಂಜ್ ತನ್ನದೇ ಪರಿಹಾರಕ್ಕೆ ಪೇಟೆಂಟ್ ಪಡೆದು ನಾಲ್ಕು ಗಾಲಿಗೆ ಬಂದದ್ದು 1893ರಲ್ಲಿ.

ಆಮೇಲೆ ರ‍್ಯಾಕ್ ಹೆಚ್ಚುಕಮ್ಮಿ ಮೂಲೆಗೆ ಬಿತ್ತು. ಕಾರುಗಳು ಭಾರವಾದವು. ಮುಂದೆ ಎತ್ತಿನ ಗಾಡಿಯ ಥರ ಒಂದೇ ಇರುಸು, ಪಟ್ಟಿ ಸ್ಪ್ರಿಂಗು. ರ‍್ಯಾಕಿನ ಗುಣ ಏನಪ್ಪಾ ಅಂದ್ರೆ ಕೈಯಿಂದ ಗಾಲಿಗೆ ಹೋಗೋ ಹಾಗೇ ಗಾಲಿಯಿಂದ ಕೈಗೂ ಸುದ್ದಿ ವಾಪಸ್ ಬರುತ್ತೆ. ಗುಂಡಿಗೆ ಬಿದ್ದರೆ ಏಟು ನೇರ ಮಣಿಕಟ್ಟಿಗೆ. ತಿರುಪಿನಂಥ ವರ್ಮ್ ಗೇರಿನ ಡಬ್ಬಿಗಳಲ್ಲಿ ಈ ಕಾಟ ಕಡಿಮೆ, ತಿರುಗಿಸೋದೂ ಹಗುರ. ಹಾಗಾಗಿ ದಶಕಗಳ ಕಾಲ ಬಹುತೇಕ ಕಂಪನಿಗಳು ಡಬ್ಬಿಯನ್ನೇ ನೆಚ್ಚಿಕೊಂಡವು. ಮುಂದಿನ ಎರಡು ಗಾಲಿಗಳಿಗೆ ಬೇರೆಬೇರೆ ಸಸ್ಪೆನ್ಷನ್ ಬಂದ ಮೇಲೆ ರ‍್ಯಾಕಿಗೆ ಮತ್ತೆ ಜೀವ ಬಂತು. ಸಿಟ್ರೊಯೆನ್ ಕಂಪನಿ ತನ್ನ ಟ್ರಾಕ್ಷನ್ ಅವಾಂತ್ ಕಾರಿಗೆ 1936ರಲ್ಲಿ ರ‍್ಯಾಕ್ ಹಾಕಿತು.

ನಮಗೆ ಸಂಬಂಧಪಟ್ಟ ಕಥೆ ಶುರುವಾಗೋದು ಅದೇ ವರ್ಷ, ಇಂಗ್ಲೆಂಡಿನ ಮಾರಿಸ್ ಕಂಪನಿಯಲ್ಲಿ. 1906ರಲ್ಲಿ ಸ್ಮಿರ್ನಾದಲ್ಲಿ (ಇವತ್ತಿನ ಟರ್ಕಿಯ ಇಜ್ಮಿರ್) ಹುಟ್ಟಿದ ಅಲೆಕ್ ಇಸಿಗೋನಿಸ್ ಅಲ್ಲಿ ಕೆಲಸಕ್ಕೆ ಸೇರಿದ. ಮುಂದೆ 1959ರಲ್ಲಿ 'ಮಿನಿ' ಮಾಡಿ ಜಗತ್ಪ್ರಸಿದ್ಧನಾದವನು ಇವನೇ. ಕಾರು ಅಂದ್ರೆ ಹಿಡಿದಲ್ಲಿ ನಿಲ್ಲಬೇಕು ಅನ್ನೋ ಹುಚ್ಚು ಅವನಿಗೆ. 1948ರ ಲಂಡನ್ ಮೋಟಾರ್ ಪ್ರದರ್ಶನದಲ್ಲಿ ಅವನ ಮಾರಿಸ್ ಮೈನರ್ ಬಂತು. ಮುಂದೆ ಟಾರ್ಷನ್ ಬಾರ್ ಸಸ್ಪೆನ್ಷನ್, ಜೊತೆಗೆ ರ‍್ಯಾಕ್ ಅಂಡ್ ಪಿನಿಯನ್. ಕಂಪನಿ ಯಜಮಾನ ಲಾರ್ಡ್ ನಫೀಲ್ಡ್ ಅದನ್ನು ಬೇಯಿಸಿದ ಮೊಟ್ಟೆ ಅಂತ ಹಂಗಿಸಿದ್ದನಂತೆ! ಅದೇ ಪ್ರದರ್ಶನದಲ್ಲಿ ಮೈನರಿನ ದೊಡ್ಡಣ್ಣನ ಥರ ಮಾರಿಸ್ ಆಕ್ಸ್‌ಫರ್ಡ್ ಕೂಡ ಇತ್ತು, ಅದೇ ಸಸ್ಪೆನ್ಷನ್, ಅದೇ ಸ್ಟೀರಿಂಗ್. ಆ ಆಕ್ಸ್‌ಫರ್ಡಿನ ಮುಂದಿನ ಅವತಾರಗಳಲ್ಲಿ 1956ರ ಮೂರನೇ ಸರಣಿಯದು ಹಿಂದೂಸ್ತಾನ್ ಮೋಟರ್ಸ್ ಮೂಲಕ ಕಲ್ಕತ್ತಾ ಹತ್ತಿರದ ಉತ್ತರ್‌ಪಾಡಾಕ್ಕೆ ಬಂದು ಅಂಬಾಸಿಡರ್ ಆಯಿತು.

ಆಗ ನಮ್ಮ ರಸ್ತೆಯಲ್ಲಿದ್ದ ಇನ್ನೊಂದು ಕಾರು ಫಿಯೆಟ್ 1100, ಮುಂದೆ ಪ್ರೀಮಿಯರ್ ಪದ್ಮಿನಿ. ಎಲ್ಲರ ಪ್ರಕಾರ ಫಿಯೆಟ್ ಚುರುಕು, ಅಂಬಾಸಿಡರ್ ಎಮ್ಮೆ. ಆದರೆ ವರ್ಮ್ ಡಬ್ಬಿ ಇದ್ದದ್ದು ಫಿಯೆಟ್ಟಿನಲ್ಲಿ! ರ‍್ಯಾಕ್ ಇದ್ದ ಮತ್ತೊಂದು ಕಾರು 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. 1983ರಲ್ಲಿ ಮಾರುತಿ 800 ಬಂದಾಗ ಅದರ ಹಗುರ ಸ್ಟೀರಿಂಗ್ ನೋಡಿ ಜನ ಬೆರಗಾದರು. ಅದರಲ್ಲೂ ಇದ್ದದ್ದು ರ‍್ಯಾಕೇ, ಪವರ್ ಸ್ಟೀರಿಂಗೇನೂ ಅಲ್ಲ. ಪುಟಾಣಿ ಕಾರಿಗೂ ಸಾವಿರ ಕಿಲೋ ಮೀರಿದ ಕಾರಿಗೂ ವ್ಯತ್ಯಾಸ ಇರಬೇಕಲ್ವಾ.

ಹಾಗಾದ್ರೆ ಆ 'ಆಟ' ಎಲ್ಲಿಂದ ಬಂತು?

ಒಂದು ಕಾರು ತನ್ನ ಆಯುಷ್ಯದಲ್ಲಿ ಹೆಚ್ಚು ಹೊತ್ತು ಓಡೋದು ನೇರಕ್ಕೆ. ಅಂದ್ರೆ ಪಿನಿಯನ್ ಉಜ್ಜೋದು ರ‍್ಯಾಕಿನ ನಟ್ಟನಡುವಿನ ಕೆಲವೇ ಹಲ್ಲುಗಳನ್ನು. ವರ್ಷಗಳು ಕಳೆದಂತೆ ನಡುವಿನ ಹಲ್ಲು ಸವೆಯುತ್ತೆ, ಆಚೀಚಿನವು ಹೊಸದರ ಹಾಗೇ ಇರುತ್ತವೆ. ಇದರ ಮೇಲೆ ರಬ್ಬರ್ ಬೆಲ್ಲೋಸ್. ರ‍್ಯಾಕಿನ ಎರಡೂ ತುದಿಗೆ ಮಡಿಕೆ ಮಡಿಕೆಯಾಗಿ ಹಾಕಿರ್ತಾರಲ್ಲ, ಅದು. ಅದು ಹರಿದರೆ ಒಳಗಿನ ಎಣ್ಣೆ ಹೊರಗೆ, ಹೊರಗಿನ ಧೂಳು, ಮಳೆನೀರು ಒಳಗೆ. ಹಲ್ಲು ತಿನ್ನೋ ಅರಗು ಕಾಗದ ಸಿದ್ಧ. ಮಾರಿಸ್ ಮೈನರ್ ಕಾಲದ ಮಾರಿಸ್ ರ‍್ಯಾಕುಗಳಿಗೆ ಹಾಕಬೇಕಾದ್ದು ದಪ್ಪ ಗೇರ್ ಆಯಿಲ್. ಗ್ರೀಸ್ ತುಂಬಿದರೆ ಸಲಾಕೆ ಅದನ್ನು ಪಕ್ಕಕ್ಕೆ ತಳ್ಳಿಬಿಡುತ್ತೆ, ಅದು ಹಲ್ಲಿನ ಹತ್ತಿರ ವಾಪಸ್ ಹರಿದು ಬರಲ್ಲ. ನಮ್ಮಲ್ಲೋ ಗ್ರೀಸ್ ಗನ್ನೇ ಸರ್ವರೋಗಕ್ಕೂ ಮದ್ದು.

ಇಷ್ಟಾದ ಮೇಲೆ ಶುರುವಾಗೋದು ನಿಜವಾದ ಅಪಾಯ. ರ‍್ಯಾಕನ್ನು ಪಿನಿಯನ್ನಿಗೆ ಒತ್ತಿ ಹಿಡಿಯೋಕೆ ಹಿಂದುಗಡೆ ಸ್ಪ್ರಿಂಗ್ ಇರೋ ಒಂದು ಒತ್ತುಗಟ್ಟೆ, ಅದರ ಮುಚ್ಚಳದ ಕೆಳಗೆ ತೆಳು ತಗಡಿನ ಶಿಮ್‌ಗಳು. ಒಂದೆರಡು ಶಿಮ್ ತೆಗೆದು ಬಿಗಿ ಮಾಡಿದರೆ ಆಟ ಮಾಯ! ಗಿರಾಕಿ ಖುಷಿ, ಬಿಲ್ಲೂ ಕಡಿಮೆ. ಆದರೆ ಸವೆದ ನಡುಭಾಗಕ್ಕೆ ಸರಿಯಾಗಿ ಬಿಗಿ ಮಾಡಿದ್ದು ಸವೆಯದ ಆಚೀಚೆ ಹಲ್ಲುಗಳಿಗೆ ವಿಪರೀತ ಬಿಗಿಯಾಗುತ್ತೆ. ಚಾರ್ಮಾಡಿ ಘಾಟಿಯ ಹೇರ್‌ಪಿನ್ ತಿರುವಿನಲ್ಲಿ ಪೂರ್ತಿ ತಿರುಗಿಸಿ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಬೇಕು. ಬರದೆ ಅಲ್ಲೇ ಕಚ್ಚಿಕೊಂಡರೆ ಎದುರಿಗೆ ಲಾರಿಯೋ, ಪ್ರಪಾತವೋ. ಆಟ ಇರೋ ಸ್ಟೀರಿಂಗಿಗಿಂತ ಇದು ಎಷ್ಟೋ ಕೆಟ್ಟದ್ದು. ನಡುವಿನಲ್ಲಿ ಸಡಿಲ, ತುದಿಯಲ್ಲಿ ಬಿಗಿ ಅಂತ ಕಂಡರೆ ಆ ರ‍್ಯಾಕಿನ ಆಯುಷ್ಯ ಮುಗೀತು ಅಂತಲೇ ಅರ್ಥ. ಶಿಮ್‌ಗಳ ತಂಟೆಗೆ ಹೋಗಬಾರದು. ಎರಡೂ ಮುಂಗಾಲಿ ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಬೇಡಿ ಮಾರಾಯ್ರೇ), ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನ ತಿರುಗಿಸಿದರೆ ಕೈಗೇ ಗೊತ್ತಾಗುತ್ತೆ. ಅದಕ್ಕೂ ಮೊದಲು ಟೈ ರಾಡಿನ ಬಾಲ್ ಜಾಯಿಂಟು, ಗಾಲಿ ಬೇರಿಂಗು ನೋಡಿಬಿಡಿ. ಅವುಗಳ ತಪ್ಪಿಗೆ ರ‍್ಯಾಕ್ ಬಲಿಯಾದದ್ದೂ ಉಂಟು.

ಬದಲಿಸೋದು ಕಷ್ಟದ ಕೆಲಸ ಅಲ್ಲ, ತಾಳ್ಮೆಯ ಕೆಲಸ. ಹೊಸ ರ‍್ಯಾಕನ್ನು ಒಂದು ಕೊನೆಯಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಅಂತ ಎಣಿಸಿ, ಅದರ ಅರ್ಧಕ್ಕೆ ತಂದು ನಿಲ್ಲಿಸಿ, ಆಮೇಲೇ ಸ್ಟೀರಿಂಗ್ ಕಂಬಕ್ಕೆ ಜೋಡಿಸಬೇಕು. ಇಲ್ಲಾಂದ್ರೆ ಕಾರು ಎಡಕ್ಕೆ ಹೆಚ್ಚು, ಬಲಕ್ಕೆ ಕಡಿಮೆ ತಿರುಗುತ್ತೆ. ಟೈ ರಾಡ್ ತುದಿ ಬಿಚ್ಚುವಾಗ ಎಷ್ಟು ಸುತ್ತಿಗೆ ಕಳಚಿತು ಅಂತ ಬರೆದಿಟ್ಟುಕೊಂಡು ಅಷ್ಟೇ ಸುತ್ತು ಹಾಕಿದರೆ ಅಲೈನ್‌ಮೆಂಟ್ ಅಂಗಡಿವರೆಗಾದರೂ ನೆಟ್ಟಗೆ ಹೋಗಬಹುದು. ಸ್ಪ್ಲಿಟ್ ಪಿನ್ ಮಾತ್ರ ಹೊಸದೇ ಹಾಕಿ, ಹಳೇದನ್ನೇ ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ.

ಅಂಬಾಸಿಡರ್, ಮಾರುತಿ 800 ಎರಡೂ 2014ರಲ್ಲೇ ನಿಂತವು. ಹಳೇ ಸಾಮಾನಿಗೆ ಶಿವಾಜಿನಗರದ ಗುಜರಿಗೆ ಹೋಗೋರಿಗೆ ಒಂದು ಮಾತು. ಅಲ್ಲಿ ಸಿಗೋ ರ‍್ಯಾಕ್ ಕೂಡ ಯಾವುದೋ ಕಾರಲ್ಲಿ ನೇರಕ್ಕೆ ಓಡಿ ಓಡಿ ಬಂದದ್ದೇ. ದುಡ್ಡು ಕೊಡೋ ಮೊದಲು ಪಿನಿಯನ್ ಹಿಡಿದು ಕೊನೆಯಿಂದ ಕೊನೆಗೆ ತಿರುಗಿಸಿ ನೋಡಿ, ನಡುವಿಗೆ ಬಂದಾಗ ಕೈ ಏನು ಹೇಳುತ್ತೆ ಅಂತ.