ಕಂದೀಲಿನಿಂದ ಹಗಲುದೀಪಕ್ಕೆ

ಎತ್ತಿನ ಗಾಡಿಯ ಅಚ್ಚಿನ ಕೆಳಗೆ ಕಂದೀಲು ತೂಗುಹಾಕಿ ರಾತ್ರಿಯೇ ಸಂತೆಗೆ ಹೊರಡುತ್ತಿದ್ದ ಕಾಲದಲ್ಲಿ ಆ ದೀಪ ದಾರಿ ನೋಡಲಿಕ್ಕಲ್ಲ, ಗಾಡಿ ಬೇರೆಯವರಿಗೆ ಕಾಣಲಿಕ್ಕೆ ಇತ್ತು. ದಾರಿ ಎತ್ತುಗಳಿಗೆ ಗೊತ್ತಿತ್ತು.

ಮೋಟರ್ ಸೈಕಲ್ಲಿಗೆ ಇಂಥ ದೀಪ ಹಗಲಲ್ಲೂ ಬೇಕೆಂದು ಕಾನೂನಿಗೆ ಹೊಳೆಯಲು ಬಹಳ ವರ್ಷ ಹಿಡಿಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸತೊಡಗಿದಾಗ ಬೈಕು ಹಳ್ಳಿಯಲ್ಲಿ ಉಳ್ಳವರ ಸೊತ್ತು. 1980ರ ಟಿವಿಎಸ್ 50, 1985ರ ಹೀರೋ ಹೋಂಡಾ ಸಿಡಿ 100 ಅದನ್ನು ರೈತನ ಅಂಗಳಕ್ಕೆ ತಂದವು. ಅಷ್ಟರಲ್ಲಿ ನಮ್ಮ ವಿಜಯಪುರ ಸೀಮೆಯೂ ಬದಲಾಗತೊಡಗಿತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟು ಯೋಜನೆಯಿಂದ ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಎಷ್ಟೋ ಊರುಗಳು ಎತ್ತಂಗಡಿಯಾದವು, ಕಾಲುವೆಗೆ ನೀರು ಬಂತು, ಕಬ್ಬು ಬಂತು. ಇಂಡಿಯ ಲಿಂಬೆ ಚೀಲವೂ ಹಾಲಿನ ಕ್ಯಾನೂ ಬೈಕಿನ ಹಿಂದೆ ಕೂತವು. ಒಂದೇ ತಲೆಮಾರಿನಲ್ಲಿ ರಸ್ತೆ ತುಂಬ ಬೈಕು. ಬಸ್ಸು, ಲಾರಿ, ಟಂಟಂ ಓಡಿಸುವವರ ಕಣ್ಣು ಮಾತ್ರ ದೊಡ್ಡ ಗಾಡಿಯನ್ನೇ ಹುಡುಕುತ್ತ ಉಳಿಯಿತು.

ಅಪಘಾತವಾದ ಮೇಲೆ ಠಾಣೆಯ ಕಾಗದದಲ್ಲಿ ‘ಅತಿವೇಗ ಮತ್ತು ನಿಷ್ಕಾಳಜಿ’ ಎಂದು ಬರೆಯುತ್ತಾರೆ. ಚಾಲಕ ಹೇಳುವುದು ‘ನನಗ ಕಾಣಲೇ ಇಲ್ರೀ ಸಾಹೇಬ್ರ’ ಎಂದು. ಕೇಳಿದವರಿಗೆ ಇದು ನುಣುಚಿಕೊಳ್ಳುವ ಮಾತು. ಆದರೆ ಎಲ್ಲ ಸಲವೂ ಸುಳ್ಳಲ್ಲ. ಹ್ಯಾರಿ ಹರ್ಟ್ ಎಂಬ ಅಮೆರಿಕದ ಸಂಶೋಧಕ ಲಾಸ್ ಏಂಜಲೀಸ್ ಸುತ್ತಲಿನ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದ. 1981ರ ಅವನ ವರದಿಯ ಪ್ರಕಾರ, ಬೇರೆ ವಾಹನಕ್ಕೆ ಡಿಕ್ಕಿಯಾದ ಪ್ರಕರಣಗಳಲ್ಲಿ ಮೂರರಲ್ಲಿ ಎರಡು ಪಾಲು ಆ ವಾಹನದವನೇ ಬೈಕಿನ ದಾರಿಗೆ ಅಡ್ಡ ಬಂದದ್ದು. ಬಂದವರಲ್ಲಿ ಬಹಳ ಮಂದಿಗೆ ಬೈಕು ಕಂಡೇ ಇರಲಿಲ್ಲ, ಕಂಡಾಗ ಹೊತ್ತು ಮೀರಿತ್ತು. ಮುಂದೆ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ರಸ್ತೆಯ ಚಿತ್ರ ನೋಡಿದವರು ಟ್ಯಾಕ್ಸಿಗಿಂತ ಎರಡು ಪಟ್ಟು ಹೆಚ್ಚಾಗಿ ಬೈಕನ್ನು ಗಮನಿಸದೆ ಬಿಟ್ಟರು. ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಬೀಳುವುದಿಲ್ಲ.

ಇಲ್ಲಿಯ ಬಯಲು ಈ ಕುರುಡಿಗೆ ಹೇಳಿ ಮಾಡಿಸಿದಂತಿದೆ. ಮರ ಕಡಿಮೆ, ರಸ್ತೆ ನೇರ. ನೆಟ್ಟಗೆ ಎದುರು ಬರುವ ಬೈಕು ಅತ್ತಿತ್ತ ಸರಿಯುವುದಿಲ್ಲ. ತೀರ ಹತ್ತಿರ ಬರುವ ತನಕ ಎಳ್ಳಿನಷ್ಟೇ ಇದ್ದು ಆಮೇಲೆ ದಿಢೀರನೆ ಬೆಳೆಯುತ್ತದೆ. ಚಿಕ್ಕದು ಇನ್ನೂ ದೂರವಿದೆ ಎಂದು ಎಣಿಸುವುದು ಮಿದುಳಿನ ಚಾಳಿ. ಸಾಲದ್ದಕ್ಕೆ ವಿಜಯಪುರದಿಂದ ಸಿಂದಗಿಗೆ ಹೋಗುವ ಹೆದ್ದಾರಿ ಹೆಚ್ಚುಕಡಿಮೆ ನೇರ ಪೂರ್ವಕ್ಕಿದೆ. ಬೆಳಿಗ್ಗೆ ಸಿಂದಗಿಗೆ ಹೊರಟವನಿಗೂ ಸಂಜೆ ಮರಳುವವನಿಗೂ ಸೂರ್ಯ ಕಣ್ಣೆದುರೇ. ಲಾರಿಯ ಮುಂಗಾಜಿನ ಪಕ್ಕದ ಕಂಬದ ಮರೆಗೆ ಇಡೀ ಬೈಕು ಸೇರಿಹೋಗಬಲ್ಲದು.

ಮಲೇಷ್ಯಾ 1992ರಲ್ಲೇ ಹಗಲಿನಲ್ಲೂ ಬೈಕಿನ ದೀಪ ಹಚ್ಚಿಸಿತು. ನಮ್ಮಲ್ಲಿ ಹೊಸ ದ್ವಿಚಕ್ರ ವಾಹನಗಳಿಗೆ ತಾನೇ ಉರಿಯುವ ಹೆಡ್‌ಲೈಟ್ ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ. ಮೊದಮೊದಲು ಎದುರಿನವರು ‘ಲೈಟ್ ಆಫ್ ಮಾಡ್ರೀ’ ಎಂದು ಕೈಸನ್ನೆ ಮಾಡಿದ್ದೇ ಮಾಡಿದ್ದು. ಗ್ಯಾರೇಜಿಗೆ ಹೋಗಿ ಸ್ವಿಚ್ ಕೂರಿಸಿಕೊಂಡವರೂ ಇದ್ದಾರೆ, ಬ್ಯಾಟರಿ ಉಳಿಯಲಿ ಅಂತ! ದೀಪ ಕಡ್ಡಾಯವಾದ ಮೇಲೂ, 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು.

ಕಬ್ಬು ನುರಿಸುವ ಹಂಗಾಮಿನಲ್ಲಿ ಯಾರಿಗೆ ಯಾರು ಕಾಣುವುದಿಲ್ಲ ಎಂಬ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಇಂಡಿ ತಾಲ್ಲೂಕಿನ ಮರಗೂರು, ಸಿಂದಗಿ ಸೀಮೆಯ ಆಲಮೇಲ, ಮುದ್ದೇಬಿಹಾಳದ ಯರಗಲ್ಲ ಕಾರ್ಖಾನೆಗಳ ದಾರಿಯಲ್ಲಿ ಎರಡೆರಡು ಟ್ರೇಲರ್ ಎಳೆದ ಟ್ರ್ಯಾಕ್ಟರುಗಳು. ಕತ್ತಲಲ್ಲಿ ಕೆಟ್ಟು ನಿಂತ ಟ್ರೇಲರ್ ಕಾಣದೆ ಹಿಂದಿನಿಂದ ಗುದ್ದುವವನು ಈಗ ಬೈಕಿನವನು. ಹಂಗಾಮಿಗೆ ಮುಂಚೆ ಪೊಲೀಸರೂ ಕಾರ್ಖಾನೆಯವರೂ ಸೇರಿ ಟ್ರೇಲರುಗಳಿಗೆ ಹೊಳೆಯುವ ಪಟ್ಟಿ ಅಂಟಿಸುತ್ತಾರೆ. ಅಳತೆ ಮೀರಿ ಹೇರಿದ ಕಬ್ಬಿನ ತುದಿಗಳು ಹಿಂದಕ್ಕೆ ಜೋತು ಅದೇ ಪಟ್ಟಿಯನ್ನು ಮುಚ್ಚುವುದೂ ಉಂಟು.