ಅಂಗಾತವೋ, ಬೋರಲೋ? ಒಂದೇ ಕಡೆ ವಾಲುವ ತಲೆಯ ಚರಿತ್ರೆ

ಎರಡು-ಮೂರು ವಾರದ ಕೂಸನ್ನು ಅಂಗಾತ ಮಲಗಿಸಿ ಸ್ವಲ್ಪ ಹೊತ್ತು ಗಮನಿಸಿ. ಮುಖ ನೇರವಾಗಿ ಮೇಲಕ್ಕೆ ನಿಲ್ಲುವುದು ಅಪರೂಪ. ತಲೆ ಒಂದು ಪಕ್ಕಕ್ಕೆ ಹೊರಳುತ್ತದೆ. ನೀವು ಮೆಲ್ಲಗೆ ಇನ್ನೊಂದು ಪಕ್ಕಕ್ಕೆ ತಿರುಗಿಸಿದರೂ ತುಸು ಹೊತ್ತಿನಲ್ಲೇ ಮತ್ತೆ ಮೊದಲಿನ ಕಡೆಗೇ ಬರುತ್ತದೆ. ಹೆಚ್ಚಿನ ಶಿಶುಗಳಲ್ಲಿ ಅದು ಬಲಗಡೆ, ಕೆಲವರಲ್ಲಿ ಎಡಗಡೆ. ಬಾಣಂತಿಯ ಕೋಣೆಯಲ್ಲಿ ಎಲ್ಲರೂ ಕಂಡಿರುವ ಈ ಸಣ್ಣ ಸಂಗತಿ, 20ನೆಯ ಶತಮಾನದ ವೈದ್ಯಕೀಯ ಮಾಡಿದ ಒಂದು ದೊಡ್ಡ ತಪ್ಪಿನ ಕತೆಯಲ್ಲೂ ಬರುತ್ತದೆ. ಆ ಕತೆಯನ್ನು ನೋಡೋಣ.

ಕತ್ತಿವರಸೆಯ ಭಂಗಿ

ಕುತ್ತಿಗೆ ತಿರುಗಿದರೆ ಕೈಕಾಲುಗಳ ಸ್ನಾಯುಗಳ ಬಿಗಿತವೂ ಬದಲಾಗುತ್ತದೆ ಎಂಬುದನ್ನು ನೆದರ್‌ಲೆಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಮ್ಯಾಗ್ನಸ್ ಮತ್ತು ಡಿ ಕ್ಲೈನ್ ಪ್ರಾಣಿಗಳಲ್ಲಿ ತೋರಿಸಿ 1912ರಲ್ಲಿ ಪ್ರಕಟಿಸಿದರು. ಮನುಷ್ಯ ಶಿಶುವಿನಲ್ಲಿ ಇಂಥದೇ ವರ್ತನೆ ಕಂಡಾಗ ಅದನ್ನು ರೋಗದ ಲಕ್ಷಣವೆಂದು ಭಾವಿಸಿದವರಿದ್ದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಗೆಸೆಲ್ ಶಿಶುಗಳ ಚಲನಚಿತ್ರ ತೆಗೆದು ಅಧ್ಯಯನ ಮಾಡಿದರು. ಇದು ಆರೋಗ್ಯವಂತ ಶಿಶುಗಳ ಸಹಜ ಪರಾವರ್ತಿತ ಕ್ರಿಯೆ ಎಂದು 1938ರಲ್ಲಿ ವಿವರಿಸಿದರು. ಮುಖ ತಿರುಗಿದ ಕಡೆಯ ಕೈ ಚಾಚಿಕೊಳ್ಳುತ್ತದೆ, ಇನ್ನೊಂದು ಮಡಚಿಕೊಳ್ಳುತ್ತದೆ. ಕತ್ತಿವರಸೆಗೆ ನಿಂತವನ ಭಂಗಿ!

1981ರಲ್ಲಿ ಜಾರ್ಜ್ ಮೈಕೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು 150 ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಬಲಕ್ಕೆ ವಾಲುವವರೇ ಹೆಚ್ಚಾಗಿದ್ದರು. ಅವರಲ್ಲಿ ಕೆಲವರನ್ನು ಮುಂದೆಯೂ ಗಮನಿಸಿದಾಗ, 16 ಮತ್ತು 22ನೆಯ ವಾರಗಳಲ್ಲಿ ವಸ್ತುವನ್ನು ಹಿಡಿಯಲು ಯಾವ ಕೈ ಮುಂದೆ ಬರುತ್ತದೆ ಎಂಬುದಕ್ಕೂ ಮೊದಲಿನ ವಾಲಿಕೆಗೂ ಸಂಬಂಧ ಕಂಡಿತು. ಸದಾ ಕಣ್ಣೆದುರಿಗಿರುವ ಕೈಗೆ ಅಭ್ಯಾಸ ಹೆಚ್ಚು ದೊರೆಯುತ್ತದೆಯೆ? ಅಥವಾ ತಲೆ ವಾಲುವುದು, ಕೈ ಮುಂದಾಗುವುದು ಎರಡೂ ಮಿದುಳಿನ ಒಂದೇ ಅಸಮತೆಯ ಫಲಗಳೆ? ಈ ಚರ್ಚೆ ಮುಗಿದಿಲ್ಲ. ಆದರೆ ಸ್ವಲ್ಪ ಮಟ್ಟಿನ ವಾಲಿಕೆ ದೋಷವಲ್ಲ ಎಂಬುದಂತೂ ಸ್ಪಷ್ಟವಾಯಿತು.

ಸರಿಯಾದ ವೀಕ್ಷಣೆ, ತಪ್ಪು ಸಲಹೆ

ಈ ನಡುವೆ, ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ ಅವರ ಶಿಶುಪಾಲನೆಯ ಪುಸ್ತಕ ಲಕ್ಷಾಂತರ ಮನೆಗಳನ್ನು ಸೇರಿತ್ತು. ಅದರ 1958ರ ಆವೃತ್ತಿಯಲ್ಲಿ ಅವರು ಅಂಗಾತ ಮಲಗಿಸುವುದಕ್ಕೆ ಎರಡು ಆಕ್ಷೇಪಗಳನ್ನೆತ್ತಿದರು. ಒಂದು, ಕೂಸು ವಾಂತಿ ಮಾಡಿಕೊಂಡರೆ ಉಸಿರು ಕಟ್ಟಬಹುದು. ಎರಡು, ಅದು ತಲೆಯನ್ನು ಒಂದೇ ಕಡೆ ಹೊರಳಿಸಿಕೊಳ್ಳುವುದರಿಂದ ಆ ಭಾಗ ಚಪ್ಪಟೆಯಾಗಬಹುದು. ಆದ್ದರಿಂದ ಬೋರಲಾಗಿ ಮಲಗಿಸುವುದೇ ಮೇಲು ಎಂದರು.

ಎರಡನೆಯ ವೀಕ್ಷಣೆ ಸರಿಯಾದದ್ದೇ. ಮೊದಲನೆಯದು ಬರಿಯ ಊಹೆ. ಆರೋಗ್ಯವಂತ ಶಿಶು ಅಂಗಾತ ಮಲಗಿದರೆ ಉಸಿರು ಕಟ್ಟುವ ಅಪಾಯ ಹೆಚ್ಚುವುದಿಲ್ಲವೆಂದು ನಂತರ ತಿಳಿಯಿತು. ಬೋರಲಾಗಿ ಮಲಗಿದ ಶಿಶುಗಳಿಗೆ ಏನಾಗುತ್ತದೆ ಎಂದು ಮಾತ್ರ ಎಣಿಸಿ ನೋಡಿರಲಿಲ್ಲ. ಉಸಿರುಗಟ್ಟಿ ಸತ್ತರೆಂದು ದಾಖಲಾದ ಶಿಶುಗಳಲ್ಲಿ ಅನೇಕವು ಬೋರಲಾಗಿದ್ದುವೆಂದು ನ್ಯೂಯಾರ್ಕ್‌ನ ಹೆರಾಲ್ಡ್ ಏಬ್ರಮ್‌ಸನ್ 1944ರಷ್ಟು ಹಿಂದೆಯೇ ಬರೆದಿದ್ದರು. ಆ ಎಚ್ಚರಿಕೆ ಮರೆತುಹೋಯಿತು.

ಎಣಿಸಿದಾಗ ಕಂಡದ್ದು

ಆರೋಗ್ಯವಾಗಿದ್ದ ಶಿಶು ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವುದನ್ನು ‘ತೊಟ್ಟಿಲ ಸಾವು’ ಎಂದು ಕರೆಯುತ್ತಾರೆ. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಇದು ಸಾವಿರ ಜನನಗಳಿಗೆ ಸುಮಾರು ಎರಡರಷ್ಟಿತ್ತು. ಈಗ ನೀವೇ ಯೋಚಿಸಿ. ಚಪ್ಪಟೆಯಾದ ತಲೆ ಪ್ರತಿ ತಾಯಿಗೂ ಕಾಣುತ್ತದೆ. ಆದರೆ ಸಾವಿರಕ್ಕೆ ಎರಡರಂತೆ ನಡೆಯುವ ಸಾವಿಗೂ ಮಲಗುವ ಭಂಗಿಗೂ ಇರುವ ನಂಟು ಯಾವೊಬ್ಬ ವೈದ್ಯನ ಅನುಭವಕ್ಕೂ ನಿಲುಕುವುದಿಲ್ಲ. ಅದಕ್ಕೆ ಸತ್ತ ಶಿಶುಗಳನ್ನು ಅದೇ ಊರಿನ, ಅದೇ ವಯಸ್ಸಿನ ಬದುಕಿರುವ ಶಿಶುಗಳೊಂದಿಗೆ ಹೋಲಿಸಬೇಕು.

1970ರ ದಶಕದಲ್ಲಿ ಬೋರಲಾಗಿ ಮಲಗಿಸುವ ರೂಢಿ ಬಂದ ಮೇಲೆ ತಮ್ಮ ದೇಶದಲ್ಲಿ ಇಂಥ ಸಾವುಗಳು ಹೆಚ್ಚಿದುದನ್ನು ನೆದರ್‌ಲೆಂಡ್ಸ್‌ನ ಡಿ ಯಾಂಗ್ ಮತ್ತು ಸಂಗಡಿಗರು ಎತ್ತಿ ತೋರಿಸಿದರು. ಬ್ರಿಟನ್ನಿನ ಏವನ್ ಪ್ರದೇಶದಲ್ಲಿ ಪೀಟರ್ ಫ್ಲೆಮಿಂಗ್ ತಂಡ 1990ರಲ್ಲಿ, ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಡ್ವೈಯರ್ ತಂಡ 1991ರಲ್ಲಿ ಪ್ರಕಟಿಸಿದ ಫಲಿತಾಂಶಗಳೂ ಅದನ್ನೇ ಹೇಳಿದುವು: ಬೋರಲು ನಿದ್ದೆ ಅಪಾಯಕರ. ಮುಖ ಹಾಸಿಗೆಗೆ ತಾಗಿ ತಾನು ಬಿಟ್ಟ ಗಾಳಿಯನ್ನೇ ಮತ್ತೆ ಉಸಿರಾಡುವುದು, ಮೈಯ ಶಾಖ ಹೊರಹೋಗದಿರುವುದು, ಗಾಢ ನಿದ್ದೆಯಿಂದ ಸುಲಭವಾಗಿ ಎಚ್ಚರಗೊಳ್ಳದಿರುವುದು – ಇವು ಸಂಭವನೀಯ ಕಾರಣಗಳು.

ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ‘ಅಂಗಾತ ಮಲಗಿಸಿ’ ಎಂಬ ಆಂದೋಲನಗಳು ಶುರುವಾದುವು. ತೊಟ್ಟಿಲ ಸಾವುಗಳು ಬ್ರಿಟನ್ನಿನಲ್ಲಿ ಕೆಲವೇ ವರ್ಷಗಳಲ್ಲಿ, ಅಮೆರಿಕದಲ್ಲಿ ಸುಮಾರು ಒಂದು ದಶಕದಲ್ಲಿ ಅರ್ಧಕ್ಕಿಂತ ಕೆಳಗಿಳಿದುವು. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು 2005ರಲ್ಲಿ ಒಂದು ಕಹಿ ಸತ್ಯವನ್ನು ಮುಂದಿಟ್ಟರು. ಸಾಕಷ್ಟು ಪುರಾವೆ 1970ರಲ್ಲೇ ಇತ್ತು. ಆಗಲೇ ಕ್ರಮಬದ್ಧವಾಗಿ ಪರಿಶೀಲಿಸಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ ಮತ್ತು ಆಸ್ಟ್ರೇಲೇಷ್ಯಗಳಲ್ಲಿ ಕನಿಷ್ಠ 50,000 ಶಿಶುಗಳ ಸಾವನ್ನು ತಡೆಯಬಹುದಾಗಿತ್ತು.

ಚಪ್ಪಟೆ ತಲೆಯ ಪುನರಾಗಮನ

ಸ್ಪಾಕ್ ಹೆದರಿದ್ದ ಚಪ್ಪಟೆ ತಲೆಯೂ ಮರಳಿತು. 1992ರ ನಂತರ ಇಂಥ ಶಿಶುಗಳ ಸಂಖ್ಯೆ ಹಲವು ಪಟ್ಟು ಹೆಚ್ಚಿತೆಂದು ಅಮೆರಿಕದ ವೈದ್ಯರು 1996ರಲ್ಲಿ ವರದಿ ಮಾಡಿದರು. ಕೂಸಿನ ತಲೆಬುರುಡೆಯ ಎಲುಬುಗಳು ಇನ್ನೂ ಬೆಸೆದುಕೊಂಡಿರುವುದಿಲ್ಲ. ಒಂದೇ ಕಡೆ ಒತ್ತಡ ಬಿದ್ದರೆ ಆ ಭಾಗ ತಟ್ಟೆಯಾಗುತ್ತದೆ. ತಟ್ಟೆಯಾದಷ್ಟೂ ತಲೆ ಅತ್ತಲೇ ಉರುಳುತ್ತದೆ. ಹಾಗೆಂದು ಈ ಬಾರಿ ಯಾರೂ ‘ಮತ್ತೆ ಬೋರಲು ಮಲಗಿಸಿ’ ಎನ್ನಲಿಲ್ಲ. ನಿದ್ದೆಗೆ ಅಂಗಾತ; ಎಚ್ಚರವಿದ್ದಾಗ, ದೊಡ್ಡವರು ನೋಡುತ್ತಿರುವಾಗ ಸ್ವಲ್ಪ ಹೊತ್ತು ಬೋರಲು – ಇದು ದೊರೆತ ಪರಿಹಾರ. ತಲೆಯಿಡುವ ದಿಕ್ಕನ್ನು ಆಗಾಗ ಬದಲಿಸುವುದು, ಕೂಸು ನೋಡದ ಕಡೆಯಿಂದ ಮಾತನಾಡಿಸುವುದು, ಎತ್ತಿಕೊಳ್ಳುವ ತೋಳು ಬದಲಿಸುವುದು ಸಹ ನೆರವಾಗುತ್ತವೆ. ತಲೆ ದುಂಡಗಾಗಲೆಂದು ನಮ್ಮಲ್ಲಿ ಸಾಸಿವೆ ತುಂಬಿದ ದಿಂಬು ಇಡುವ ರೂಢಿಯುಂಟು. ಆದರೆ ಒಂದು ವರ್ಷದೊಳಗಿನ ಶಿಶುವಿನ ನಿದ್ದೆಗೆ ಯಾವ ದಿಂಬೂ ಬೇಡ, ಗಟ್ಟಿಯಾದ ಸಮತಟ್ಟು ಹಾಸಿಗೆ ಸಾಕು ಎಂಬುದು ಇಂದಿನ ವೈದ್ಯಕೀಯ ಸಲಹೆ.

ಕೂಸು ಇನ್ನೊಂದು ಪಕ್ಕಕ್ಕೆ ತಿರುಗಲಾರದೆ ಅತ್ತರೆ, ಅಥವಾ ಕುತ್ತಿಗೆಯ ಪಕ್ಕದ ಸ್ನಾಯುವಿನಲ್ಲಿ ಬಿಗಿತವೋ ಗಂಟೋ ಕಂಡರೆ ಅದು ಬರಿಯ ವಾಲಿಕೆಯಲ್ಲ. ತಡಮಾಡದೆ ವೈದ್ಯರಿಗೆ ತೋರಿಸಬೇಕು. ಬೇಗ ಆರಂಭಿಸಿದರೆ ವ್ಯಾಯಾಮದಿಂದಲೇ ಹೆಚ್ಚಿನವರಲ್ಲಿ ಸರಿಹೋಗುತ್ತದೆ.

ತರಗತಿಯಲ್ಲಿ ವೀಕ್ಷಣೆಯ ಮಹತ್ತ್ವವನ್ನು ಹೇಳುವಾಗ ಶಿಕ್ಷಕರು ಈ ಕತೆಯನ್ನೂ ಹೇಳಬಹುದು. ಸ್ಪಾಕ್ ಕಂಡದ್ದು ನಿಜವಾಗಿತ್ತು. ಕಣ್ಣಿಗೆ ಬೀಳುವ ಚಿಕ್ಕ ತೊಂದರೆಯನ್ನು, ಕಣ್ಣಿಗೆ ಬೀಳದ ದೊಡ್ಡ ಅಪಾಯದೊಂದಿಗೆ ತೂಗಿ ನೋಡಲಿಲ್ಲ, ಅಷ್ಟೆ. ತೂಗಲು ಬೇಕಾಗಿದ್ದ ಉಪಕರಣ ಒಂದೇ – ಎಣಿಕೆ.