ಗೂಢಚಾರನಿಗೆ ಬಿದ್ದ ಚಪ್ಪಾಳೆ

ನಮ್ಮ ಬೈಲಹೊಂಗಲ–ಕಿತ್ತೂರು ಸೀಮೆಯಲ್ಲಿ ಒಬ್ಬನನ್ನು ಗೂಢಚಾರನೆಂದು ಕರೆದರೆ ಬೇರೆ ಬೈಗುಳವೇ ಬೇಕಾಗಿಲ್ಲ. ಇದರ ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾದುದೂ ಇಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಬಿದ್ದನು. ಡಿಸೆಂಬರಿನಲ್ಲಿ ಕೋಟೆಯೇ ಬಿದ್ದಿತು. ಹೇಗೆ ಬಿದ್ದಿತೆಂದು ಕೇಳಿದರೆ ನಮ್ಮ ಜನ ಇಂಗ್ಲಿಷರ ತೋಪುಗಳ ಲೆಕ್ಕ ಹೇಳುವುದಿಲ್ಲ. ‘ಒಳಗಿನವರೇ ಮದ್ದಿನಲ್ಲಿ ಸೆಗಣಿ ಬೆರೆಸಿದರು’ ಎನ್ನುತ್ತಾರೆ. ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು, 1829ರ ಫೆಬ್ರುವರಿ 2ರಂದು ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ಹಿಡಿದುಕೊಟ್ಟವರೂ ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನಿಗೆ ಗಲ್ಲಾಯಿತು. ಇದು ಸಾಲದೆಂಬಂತೆ, ನಮ್ಮೂರ ಕಥೆಯೆಂದೇ ಹೆಸರಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿಯೂ ಗೆಳೆಯನೇ ಗೆಳೆಯನನ್ನು ಕೊಲೆಗಾರರ ಕೈಗೆ ಒಪ್ಪಿಸುತ್ತಾನೆ.

ಇಂಥ ಜನ ಒಬ್ಬ ಗೂಢಚಾರನನ್ನು ಕಂಡು ಚಪ್ಪಾಳೆ ತಟ್ಟಿದರೆಂದರೆ ಅದು ಸೋಜಿಗದ ಮಾತಲ್ಲವೇ? 1968ರಲ್ಲಿ ದೊರೆ–ಭಗವಾನ್ ಜೋಡಿ ನಿರ್ದೇಶಿಸಿದ ‘ಜೇಡರ ಬಲೆ’ ತೆರೆಗೆ ಬಂದಿತು. ರಾಜಕುಮಾರರು ಅದರಲ್ಲಿ ಪ್ರಕಾಶನೆಂಬ ಗುಪ್ತ ಪೊಲೀಸ್ ಅಧಿಕಾರಿ, ಸಿ.ಐ.ಡಿ. 999. ಜೊತೆಗೆ ಜಯಂತಿ, ಉದಯಕುಮಾರ್, ನರಸಿಂಹರಾಜು; ಸಂಗೀತ ಜಿ. ಕೆ. ವೆಂಕಟೇಶರದು. ನನ್ನ ಕಾಕಾ ಎಲ್ಲಮ್ಮನ ಜಾತ್ರೆಗೆಂದು ಗೆಳೆಯರೊಡನೆ ಚಕ್ಕಡಿ ಕಟ್ಟಿಕೊಂಡು ಹೋದವರು ಸವದತ್ತಿಯ ಟೂರಿಂಗ್ ಟಾಕೀಜಿನಲ್ಲಿ ನೆಲದ ಮೇಲೆ ಕುಳಿತು ಅದನ್ನು ಎರಡು ಸಲ ನೋಡಿ ಬಂದರಂತೆ. ನಾನು ಅದನ್ನು ಕಂಡದ್ದು ಎಷ್ಟೋ ವರ್ಷಗಳ ಮೇಲೆ, ನೆರೆಮನೆಯ ದೂರದರ್ಶನದಲ್ಲಿ.

ಈ ಬಲೆಯ ಮೊದಲ ನೂಲು ಹೊರದೇಶದ್ದೆಂಬುದನ್ನು ಮುಚ್ಚಿಡಬೇಕಾಗಿಲ್ಲ. 1962ರ ಅಕ್ಟೋಬರ್ 5ರಂದು ಲಂಡನ್ನಿನಲ್ಲಿ ‘ಡಾಕ್ಟರ್ ನೋ’ ತೆರೆ ಕಂಡಿತು. ಎರಡನೆಯ ಮಹಾಯುದ್ಧದಲ್ಲಿ ನೌಕಾದಳದ ಬೇಹುಗಾರಿಕೆಯ ಕಚೇರಿಯಲ್ಲಿ ದುಡಿದಿದ್ದ ಇಯಾನ್ ಫ್ಲೆಮಿಂಗ್ 1953ರಿಂದ ಬರೆಯುತ್ತ ಬಂದ ಕಾದಂಬರಿಗಳ ನಾಯಕ ಜೇಮ್ಸ್ ಬಾಂಡ್, 007, ಆ ಚಿತ್ರದಿಂದ ಲೋಕದ ನಾಯಕನಾದನು. 2021ರ ಹೊತ್ತಿಗೆ ಆ ಮಾಲೆಯಲ್ಲಿ 25 ಚಿತ್ರಗಳಾದವು. ಆ ಕಥೆ ನಡೆಯುವುದು ಜಮೈಕಾ ದ್ವೀಪದಲ್ಲಿ. ಚಿತ್ರ ಬಿಡುಗಡೆಯಾಗುವುದಕ್ಕೆ ಎರಡು ತಿಂಗಳು ಮೊದಲು, 1962ರ ಆಗಸ್ಟ್ 6ರಂದು, ಅದೇ ಜಮೈಕಾ ಬ್ರಿಟಿಷರ ಕೈತಪ್ಪಿ ಸ್ವತಂತ್ರವಾಗಿದ್ದಿತು! ರಾಜ್ಯವೊಂದೊಂದೇ ಕಳಚಿ ಹೋಗುತ್ತಿರುವಾಗ, ಲೋಕವನ್ನು ಉಳಿಸಲು ನಮ್ಮವನೊಬ್ಬ ಇನ್ನೂ ಇದ್ದಾನೆಂಬ ಸಮಾಧಾನ ಆ ಜನಕ್ಕೆ ಬೇಕಾಗಿದ್ದಿತು. ಬಾಂಡನ ಆಕರ್ಷಣೆಯ ಗುಟ್ಟು ಪಿಸ್ತೂಲಿಗಿಂತ ಇದರಲ್ಲಿಯೇ ಹೆಚ್ಚು ಅಡಗಿದೆಯೆಂದು ನನಗೆ ತೋರುತ್ತದೆ.

ನಮ್ಮ ಪರಿಸ್ಥಿತಿ ಇದಕ್ಕೆ ತಿರುಗುಮುರುಗಾದುದು. ಅವರು ಕಳೆದುಕೊಳ್ಳುತ್ತಿದ್ದರು, ನಾವು ಆಗತಾನೇ ಕೂಡಿಕೊಂಡಿದ್ದೆವು. 1956ರ ನವೆಂಬರ್ 1ರವರೆಗೆ ನಮ್ಮ ನಾಲ್ಕೂ ಊರುಗಳು ಮುಂಬಯಿ ಪ್ರಾಂತದಲ್ಲಿದ್ದವು. ರಾಮದುರ್ಗವಂತೂ ಅದಕ್ಕೂ ಮೊದಲು ಪುಟ್ಟ ಸಂಸ್ಥಾನ. ಕಚೇರಿಯಲ್ಲಿ ಮರಾಠಿ, ಸಿನಿಮಾದಲ್ಲಿ ಹಿಂದಿ, ಕನ್ನಡವೆಂದರೆ ಹೊಲ–ಮನೆಯ ಮಾತು ಎಂಬ ಭಾವನೆ ಅನೇಕರಲ್ಲಿ ಬೇರೂರಿದ್ದಿತು. ಕನ್ನಡದ ನಾಯಕನೋ ಹೆಚ್ಚಾಗಿ ಭಕ್ತ, ಇಲ್ಲವೇ ಅರಸ. ರಾಜಕುಮಾರರೇ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ಬಂದವರು, 1961ರಲ್ಲಿ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಬಿ. ಸರೋಜಾದೇವಿಯವರ ಎದುರು ನಮ್ಮ ಮಲ್ಲಸರ್ಜ ದೊರೆಯಾಗಿ ನಿಂತವರು. ಏಳೇ ವರ್ಷಗಳಲ್ಲಿ ಆ ಮಲ್ಲಸರ್ಜ ಕಿರೀಟವಿಳಿಸಿ, ಕೋಟು ತೊಟ್ಟು, ಕೈಯಲ್ಲಿ ಪಿಸ್ತೂಲು ಹಿಡಿದು ಅಚ್ಚಗನ್ನಡದಲ್ಲಿ ಮಾತನಾಡಿದಾಗ ನೆಲದ ಮೇಲೆ ಕುಳಿತ ರೈತನ ಮಗನಿಗೆ ಏನೆನ್ನಿಸಿರಬೇಕು! ಕನ್ನಡಕ್ಕೆ ಕೋಟು ಒಪ್ಪುತ್ತದೆ ಎಂದೇ ಅನ್ನಿಸಿರಬೇಕು. 007ನ ಎದುರಿಗೆ ನಮ್ಮವನು 999. ಅಂಕಿಯಲ್ಲಿಯೂ ನಾವು ಬಿಟ್ಟುಕೊಡಲಿಲ್ಲ.

ಕಥೆಯೂ ಮನೆಬಾಗಿಲಿನದೇ. ಯಾವ ಲೋಹವನ್ನಾದರೂ ಬಂಗಾರ ಮಾಡುವ ಸೂತ್ರವನ್ನು ಒಬ್ಬ ವಿಜ್ಞಾನಿ ಕಂಡುಹಿಡಿಯುತ್ತಾನೆ. ಅದಕ್ಕಾಗಿ ದುಷ್ಟರ ಹೊಂಚು. ಪರುಷದ ಮಾತು ವಚನ ಕೇಳಿ ಬೆಳೆದವರಿಗೆ ಹೊಸದಲ್ಲ. ಆದರೆ ಆ ಕಾಲಕ್ಕೆ ಅದರಲ್ಲಿ ಇನ್ನೊಂದು ಕುಟುಕು ಇದ್ದಿತು. 1963ರ ಸುವರ್ಣ ನಿಯಂತ್ರಣದ ನಿಯಮ ಹೊಸ ಒಡವೆಗಳಿಗೆ 14 ಕ್ಯಾರಟ್ಟಿನ ಮಿತಿ ಹಾಕಿ ಪತ್ತಾರರ ಅಗ್ಗಿಷ್ಟಿಕೆಗಳನ್ನು ಆರಿಸಿದ್ದಿತು, ಮುಂದೆ ಆ ಮಿತಿ ಸಡಿಲಾದರೂ, ಚಿತ್ರ ಬಂದ 1968ರಲ್ಲಿಯೇ ನಿಯಂತ್ರಣವು ಕಾಯಿದೆಯಾಗಿ ಬಂದಿತು, ಹೋದದ್ದು 1990ರಲ್ಲಿ. ಮಗಳ ಮದುವೆಗೆ ತೊಲ ಬಂಗಾರಕ್ಕಾಗಿ ಒದ್ದಾಡುವವರ ಮುಂದೆ ಕಬ್ಬಿಣ ಬಂಗಾರವಾಗುವ ಕಥೆ ಬರಿಯ ಕಟ್ಟುಕಥೆಯಾಗಿ ಉಳಿಯಲಾರದು.

ಹೆಸರಿನಲ್ಲಿಯೂ ಒಂದು ಸ್ವಾರಸ್ಯವಿದೆ. ಜೇಡನೆಂದರೆ ಹುಳು ಮಾತ್ರವಲ್ಲ, ನೇಕಾರನೂ ಹೌದು. ಜೇಡರ ದಾಸಿಮಯ್ಯನ ಹೆಸರಿನಲ್ಲಿ ಉಳಿದಿರುವುದು ಈ ಅರ್ಥವೇ. ರಾಮದುರ್ಗ, ಸುರೇಬಾನಗಳ ಮಗ್ಗದ ಮನೆಗಳಲ್ಲಿ ನೂಲಿನ ಸಿಕ್ಕು ಬಿಡಿಸಿಯೇ ಹೊಟ್ಟೆ ಹೊರೆದವರಿಗೆ, ಎಳೆ ಹಿಡಿದು ಸಿಕ್ಕು ಬಿಡಿಸುವ ಈ ನಾಯಕ ತಮ್ಮ ಕಸುಬಿನವನಂತೆಯೇ ಕಂಡಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ಚಿತ್ರವನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಇಂದು ನೋಡಿದರೆ ಅದರ ಯಂತ್ರಗಳು ಮಕ್ಕಳ ಆಟಿಗೆಯಂತೆ ಕಾಣುತ್ತವೆ. ಆದರೂ ಅದು ಒಂದು ದಾರಿ ತೆರೆಯಿತು. ಅದೇ 1968ರಲ್ಲಿ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಈ ಗೆಲುವಿನ ಬಲದಿಂದ ನಿಂತ ದೊರೆ–ಭಗವಾನ್ ಜೋಡಿಯೇ ಮುಂದೆ ‘ಕಸ್ತೂರಿ ನಿವಾಸ’, ‘ಎರಡು ಕನಸು’ಗಳನ್ನು ಕೊಟ್ಟಿತೆಂಬುದನ್ನು ಮರೆಯಬಾರದು.

ಇನ್ನು ಮೊದಲಿನ ಸೋಜಿಗ. ಗೂಢಚಾರನನ್ನು ಶಪಿಸುವ ಜನ ಇವನನ್ನು ಒಪ್ಪಿದ್ದು ಹೇಗೆ? ಇದನ್ನು ನಾನು ಒಮ್ಮೆ ಕಾಕಾನನ್ನೇ ಕೇಳಿದೆ. ಎಲೆಯಡಿಕೆ ಮೆಲ್ಲುತ್ತಿದ್ದವರು ನಕ್ಕು, ‘ತಮ್ಮಾ, ಉಂಡ ಮನಿ ಗಳಾ ಎಣಿಸಾಂವಾ ಬ್ಯಾರೆ, ಹಗಿ ಮನಿ ಹೊಕ್ಕು ಗಳಾ ಎಣಿಸಿ ಬರಾಂವಾ ಬ್ಯಾರೆ. ಕಿತ್ತೂರಿಗೆ ಮೊದಲನೇದಂವಾ ಸಿಕ್ಕಾ, ಎರಡನೇದಂವಾ ಸಿಗಲಿಲ್ಲ’ ಎಂದರು.

ನಾನು ತರಗತಿಯಲ್ಲಿ ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಪಾಠ ಹೇಳುವಾಗಲೆಲ್ಲ ಈ ಮಾತು ನೆನಪಾಗುತ್ತದೆ. ಚಾಣಕ್ಯನ ಬೇಹುಗಾರರು ತುಂಬಿರುವ ಆ ಗದ್ಯಗ್ರಂಥ ಮೈಸೂರಿನಲ್ಲಿ ಹುಟ್ಟಿದ್ದು 1823ರಲ್ಲಿ, ಕಿತ್ತೂರ ಕಾಳಗಕ್ಕೆ ಒಂದೇ ವರ್ಷ ಮೊದಲು. ಬೇಹಿನ ವಿದ್ಯೆ ಕನ್ನಡದ ಓಲೆಯಲ್ಲಿದ್ದಿತು. ಕನ್ನಡದ ಕೋಟೆಯನ್ನು ಕಾಯಲು ಮಾತ್ರ ಬರಲಿಲ್ಲ. ಅಂದು ಬಾರದವನು 1968ರಲ್ಲಿ ಬಟ್ಟೆಯ ತೆರೆಯ ಮೇಲೆ ಬಂದನು. ಅಂದು ಸವದತ್ತಿಯ ಡೇರೆಯಲ್ಲಿ ಬಿದ್ದ ಚಪ್ಪಾಳೆಯಲ್ಲಿ ಒಂದಿಷ್ಟು ಪಾಲು ರಾಜಕುಮಾರರದು. ಮಿಕ್ಕದ್ದು, 144 ವರ್ಷ ತಡವಾಗಿ ಬಂದ ಆ ನಂಬಿಗಸ್ತನದು.